ಗಿರಣಿ ಗಂಟೆ ಬಾರಿಸಿದ ಮೇಲೆ: ಕೈಗಾರಿಕೀಕರಣ ದುಡಿಮೆಯನ್ನು ಮನೆಯಿಂದ ಬೇರ್ಪಡಿಸಿದ ಬಗೆ

ಕೈಗಾರಿಕಾ ಕ್ರಾಂತಿ ಎಂದೊಡನೆ ಪಠ್ಯಪುಸ್ತಕದ ಒಂದು ಪಟ್ಟಿ ನೆನಪಾಗುತ್ತದೆ. 1733ರಲ್ಲಿ ಜಾನ್ ಕೇ ಕಂಡುಹಿಡಿದ ಹಾರುಲಾಳಿ, 1769ರಲ್ಲಿ ಜೇಮ್ಸ್ ವ್ಯಾಟ್ ಪಡೆದ ಉಗಿಯಂತ್ರದ ಪೇಟೆಂಟ್, 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಮಾಡಿದ ‘ಮ್ಯೂಲ್’ ಎಂಬ ನೂಲುವ ಯಂತ್ರ, 1785ರಲ್ಲಿ ಕಾರ್ಟ್‌ರೈಟ್ ಮಾಡಿದ ಯಂತ್ರಮಗ್ಗ. ಪರೀಕ್ಷೆಗೆ ಬಾಯಿಪಾಠ ಮಾಡಿ, ಬರೆದು, ಮರೆತುಬಿಡುವ ಪಟ್ಟಿ ಅದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಯಂತ್ರಗಳ ಮುಂದೆ ನಿಂತವರ ದಿನ ಹೇಗೆ ಬದಲಾಯಿತು, ಸಂಜೆ ಅವರು ಮರಳಿದ ಮನೆ ಏನಾಯಿತು ಎಂಬುದು ಅದರಿಂದ ತಿಳಿಯುವುದಿಲ್ಲ.

ಆ ಬದಲಾವಣೆಯ ತಿರುಳು ಎರಡೇ ಮಾತಿನದು: ದುಡಿಮೆ ಮನೆ ಬಿಟ್ಟು ಹೊರಗೆ ಹೋಯಿತು, ಹೊತ್ತು ಮಾರಾಟದ ಸರಕಾಯಿತು. ಡ್ಯೂಟಿ, ರಜೆ, ಓವರ್‌ಟೈಮ್, ನಿವೃತ್ತಿ, ಶಾಲೆಯ ಗಂಟೆ, ಗೃಹಿಣಿ ಇವೆಲ್ಲ ಅನಾದಿಕಾಲದಿಂದ ಇದ್ದವು ಎಂಬಂತೆ ನಾವು ಬದುಕುತ್ತೇವೆ. ಇವುಗಳಲ್ಲಿ ಹೆಚ್ಚಿನವು ಈಗ ನಾವು ಕಾಣುವ ರೂಪ ತಾಳಿದ್ದು ಕಳೆದ 250 ವರ್ಷಗಳಲ್ಲಿ, ಗಿರಣಿಗಳ ನೆರಳಿನಲ್ಲಿ. ಅದರ ಮೊದಲ ಪ್ರಯೋಗಶಾಲೆ ಇಂಗ್ಲೆಂಡ್. ಹಾಗಾಗಿ ಕತೆಯೂ ಬಹುಪಾಲು ಅಲ್ಲೇ ನಡೆಯುತ್ತದೆ.

ಮನೆಯೇ ಕಾರ್ಖಾನೆಯಾಗಿದ್ದಾಗ

18ನೇ ಶತಮಾನದ ಮಧ್ಯಭಾಗದಲ್ಲಿ ಲ್ಯಾಂಕಾಷೈರ್‌ನ ನೇಕಾರರ ಮನೆಗಳಲ್ಲಿ ದುಡಿಮೆ ಹೀಗೆ ನಡೆಯುತ್ತಿತ್ತು. ವರ್ತಕ ಹತ್ತಿ ಕೊಟ್ಟು ಹೋಗುತ್ತಿದ್ದ. ಮಕ್ಕಳು ಅದನ್ನು ಬಿಡಿಸಿ ಹಿಂಜುತ್ತಿದ್ದರು, ಹೆಂಗಸರು ರಾಟೆಯಲ್ಲಿ ನೂಲುತ್ತಿದ್ದರು, ಗಂಡಸು ಸಾಮಾನ್ಯವಾಗಿ ಮಗ್ಗದ ಮುಂದೆ ಕೂರುತ್ತಿದ್ದ. ಬಟ್ಟೆ ಮುಗಿದ ಮೇಲೆ ವರ್ತಕನಿಗೆ ಒಪ್ಪಿಸಿ ಕೂಲಿ ಪಡೆಯುವುದು. ಕೂಲಿ ಬಟ್ಟೆಗೇ ಹೊರತು ಕೂತ ಹೊತ್ತಿಗಲ್ಲ. ಇಂಥ ಮನೆಯಲ್ಲಿ ಯಾರು ದುಡಿಯುವವರು, ಯಾರು ಅವರನ್ನು ನಂಬಿ ತಿನ್ನುವವರು ಎಂದು ಗೆರೆ ಎಳೆಯಲಾಗುತ್ತಿರಲಿಲ್ಲ. ಐದು ವರ್ಷದ ಮಗುವಿಗೂ ಒಂದು ಕೆಲಸವಿತ್ತು.

ದಿನದ ಲಯವೂ ಬೇರೆ. ಭಾನುವಾರ ಕುಡಿದು ಕುಣಿದ ಕಸುಬುದಾರ ಸೋಮವಾರವೂ ಮಗ್ಗ ಮುಟ್ಟುತ್ತಿರಲಿಲ್ಲ. ಇಂಗ್ಲೆಂಡಿನ ಕುಶಲಕರ್ಮಿಗಳು ಇದಕ್ಕೆ ‘ಸಂತ ಸೋಮವಾರ’ ಎಂದು ತಮಾಷೆಯ ಹೆಸರನ್ನೇ ಇಟ್ಟಿದ್ದರು, ಯಾವುದೋ ಸಂತನ ಹಬ್ಬವೆಂಬಂತೆ. ಮಂಗಳವಾರ ನಿಧಾನಕ್ಕೆ ಕೆಲಸ ಹಿಡಿದು, ವಾರದ ಕೊನೆಗೆ ರಾತ್ರಿಯಿಡೀ ದೀಪ ಉರಿಸಿ ಬಾಕಿ ತೀರಿಸುತ್ತಿದ್ದರು. ಸುಗ್ಗಿ ಬಂದರೆ ಮಗ್ಗ ಬಿಟ್ಟು ಹೊಲಕ್ಕೆ.

ಇದನ್ನು ಸ್ವರ್ಗವೆಂದು ಬಣ್ಣಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಕ್ಕಳನ್ನು ದುಡಿಸುವುದು ಗಿರಣಿ ಶುರುಮಾಡಿದ ಕೆಲಸವಲ್ಲ. ಮನೆಯಲ್ಲಿ ಅಪ್ಪನೇ ಮೇಸ್ತ್ರಿ, ಅವನ ಕೈಯೂ ಮೆದುವಾಗಿರಲಿಲ್ಲ. ಬೇಡಿಕೆ ಕುಸಿದಾಗ ವರ್ತಕ ಬಾರದೇ ಇದ್ದರೆ ಮನೆಮಂದಿಗೆಲ್ಲ ಉಪವಾಸ. ತೂಕದಲ್ಲಿ ವರ್ತಕ ಮೋಸ ಮಾಡಿದ, ನೂಲಿನಲ್ಲಿ ನೇಕಾರ ಕದ್ದ ಎಂಬ ಜಗಳಕ್ಕೆ ಕೊನೆಯೇ ಇರಲಿಲ್ಲ. ಆದರೂ ಒಂದು ಅಧಿಕಾರ ನೇಕಾರನ ಕೈಯಲ್ಲಿತ್ತು: ಈಗ ಕೂರುತ್ತೇನೆ, ಈಗ ಏಳುತ್ತೇನೆ ಎನ್ನುವ ಅಧಿಕಾರ.

ಎಲ್ಲರೂ ಒಂದೇ ಸೂರಿನಡಿ ಏಕೆ?

ಹಾರುಲಾಳಿ ಬಂದ ಮೇಲೆ ನೇಕಾರನ ವೇಗ ಹೆಚ್ಚಿತು. ಮೊದಲೇ ಒಂದು ಮಗ್ಗಕ್ಕೆ ನಾಲ್ಕಾರು ರಾಟೆಗಳ ನೂಲು ಬೇಕಾಗುತ್ತಿತ್ತು. ಈಗ ನೂಲಿನ ಬರವೇ ಬಂತು. 1760ರ ದಶಕದಲ್ಲಿ ನೂಲುವ ಯಂತ್ರಗಳ ಹಿಂದೆ ಅಷ್ಟೊಂದು ಜನ ಬಿದ್ದದ್ದು ಇದರಿಂದ. ಜೇಮ್ಸ್ ಹಾರ್ಗ್ರೀವ್ಸ್ ಮಾಡಿದ ‘ಜೆನ್ನಿ’ ಒಂದೇ ಕೈಯಲ್ಲಿ ಹಲವು ಎಳೆ ನೂಲುತ್ತಿತ್ತು, ಆದರೆ ಅದು ಮನೆಯೊಳಗೇ ಹಿಡಿಸುವಷ್ಟು ಚಿಕ್ಕದು. ಬದುಕಿನ ನಕ್ಷೆಯನ್ನೇ ಬದಲಿಸಿದ್ದು ರಿಚರ್ಡ್ ಆರ್ಕ್‌ರೈಟ್ ಪೇಟೆಂಟ್ ಪಡೆದ ನೀರ್ಚಾಲಿತ ಯಂತ್ರ. ಆರ್ಕ್‌ರೈಟ್ ಮೂಲತಃ ಕ್ಷೌರಿಕ, ಕೃತಕ ಕೂದಲಿನ ವ್ಯಾಪಾರಿ. 1771ರಲ್ಲಿ ಅವನು ಡರ್ಬಿಷೈರ್‌ನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಕಟ್ಟಲು ತೊಡಗಿದ.

ನೀರು ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಚಕ್ರದಿಂದ ಒಂದು ದಂಡ ಗಿರಣಿಯೊಳಕ್ಕೆ ಹೋಗುತ್ತದೆ, ದಂಡದಿಂದ ಪಟ್ಟಿಗಳು ಒಂದೊಂದು ಯಂತ್ರಕ್ಕೆ. ಚಕ್ರ ತಿರುಗಿದರೆ ಎಲ್ಲವೂ ತಿರುಗುತ್ತವೆ. ಆಗ ಅರ್ಧ ಜನ ಬಂದಿಲ್ಲವೆಂದರೆ ಅರ್ಧ ಬಲ ವ್ಯರ್ಥ. ಮನೆಯ ರಾಟೆ ಅಜ್ಜಿಗಾಗಿ ಕಾಯುತ್ತಿತ್ತು. ಇಲ್ಲಿ ಜನ ಯಂತ್ರಕ್ಕಾಗಿ ಕಾಯಬೇಕು. ವ್ಯಾಟ್‌ನ ಉಗಿಯಂತ್ರ 1780ರ ದಶಕದಲ್ಲಿ ಗಿರಣಿ ತಿರುಗಿಸಲು ಶಕ್ತವಾದಾಗ ಈ ಬಿಗಿ ಇನ್ನೂ ಹೆಚ್ಚಿತು. ಹೊಳೆಯ ದಡದಲ್ಲೇ ಗಿರಣಿ ಕಟ್ಟಬೇಕೆಂಬ ನಿಯಮ ಹೋಯಿತು, ಬೇಸಿಗೆಯಲ್ಲಿ ನೀರು ಬತ್ತಿ ಸಿಗುತ್ತಿದ್ದ ವಿರಾಮವೂ ಹೋಯಿತು. 1805ರ ಸುಮಾರಿಗೆ ಸಾಲ್ಫರ್ಡ್‌ನ ಒಂದು ಹತ್ತಿ ಗಿರಣಿಗೆ ವಿಲಿಯಂ ಮರ್ಡಕ್ ಗ್ಯಾಸ್ ದೀಪ ಹಾಕಿಕೊಟ್ಟ. ಅಲ್ಲಿಗೆ ಕತ್ತಲೂ ಅಡ್ಡಿಯಾಗಿ ಉಳಿಯಲಿಲ್ಲ.

ಯಂತ್ರದ ತಾಂತ್ರಿಕ ಅಗತ್ಯದಿಂದಲೇ ಕಾರ್ಖಾನೆ ಹುಟ್ಟಿತು ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಕಾರ್ಮಿಕರ ಮೇಲೆ ಕಣ್ಣಿಡುವ, ಕಳ್ಳತನ ತಡೆಯುವ, ಹೆಚ್ಚು ಹೊತ್ತು ದುಡಿಸುವ ಅನುಕೂಲಕ್ಕಾಗಿ ಹುಟ್ಟಿತು ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ. ಜೊಸಾಯ ವೆಜ್‌ವುಡ್‌ನ ಪಿಂಗಾಣಿ ಕಾರ್ಖಾನೆಯನ್ನೇ ನೋಡಿ. 1769ರಲ್ಲಿ ಎಟ್ರೂರಿಯದಲ್ಲಿ ಅದು ಶುರುವಾದಾಗ ಅಲ್ಲಿ ಹೆಚ್ಚಿನದೆಲ್ಲ ಕೈಕೆಲಸವೇ. ಆದರೂ ಅಲ್ಲಿ ಗಂಟೆಯಿತ್ತು, ಹಾಜರಿ ಗುರುತಿಸುವ ವ್ಯವಸ್ಥೆಯಿತ್ತು, ತಡವಾಗಿ ಬಂದರೆ ದಂಡವಿತ್ತು. ತಪ್ಪೇ ಮಾಡದ ಯಂತ್ರಗಳಂತೆ ಮನುಷ್ಯರನ್ನು ತಿದ್ದಬೇಕೆಂದು ಅವನು ಒಂದು ಪತ್ರದಲ್ಲಿ ಬರೆದುಕೊಂಡಿದ್ದ. ಯಂತ್ರಕ್ಕಿಂತ ಮೊದಲು ಶಿಸ್ತು ಬಂದ ಉದಾಹರಣೆ ಇದು.

ಗಡಿಯಾರ ಯಾರ ಕೈಯಲ್ಲಿತ್ತು

ಸುತ್ತಮುತ್ತಲ ಹಳ್ಳಿಯವರಿಗೆ ಗಿರಣಿಯ ಕೆಲಸ ಇಷ್ಟವಿರಲಿಲ್ಲ. ಎತ್ತರದ ಗೋಡೆ, ಮುಚ್ಚಿದ ಗೇಟು, ಗಂಟೆಯ ಹೊಡೆತಕ್ಕೆ ಓಡಾಟ; ಅವರ ಕಣ್ಣಿಗೆ ಅದು ಸೆರೆಮನೆಯಂತೆ, ಬಡವರನ್ನು ಕೂಡಿಹಾಕುವ ದುಡಿಮೆಮನೆಯಂತೆ ಕಂಡಿತು. ಆದ್ದರಿಂದ ಆರ್ಕ್‌ರೈಟ್ ಹೊರಗಿನಿಂದ ಜನ ಕರೆಸಿ ಅವರಿಗೆ ಮನೆ ಕಟ್ಟಿಸಿಕೊಟ್ಟ. ಮಕ್ಕಳು ಹೆಚ್ಚಿರುವ ಕುಟುಂಬಗಳೇ ಬೇಕೆಂದು ಹುಡುಕಿಸಿದ. ಹೆಂಗಸರೂ ಮಕ್ಕಳೂ ಗಿರಣಿಗೆ, ಗಂಡಸು ಅದೇ ಮನೆಯ ಅಟ್ಟದಲ್ಲಿ ಮಗ್ಗಕ್ಕೆ. ಹನ್ನೆರಡು ಗಂಟೆಯ ಎರಡು ಪಾಳಿಗಳಲ್ಲಿ ಹಗಲೂ ಇರುಳೂ ಗಿರಣಿ ತಿರುಗಿತು.

ಕೂಲಿ ಬಟ್ಟೆಯ ಬದಲು ಹೊತ್ತಿಗೆ ಕಟ್ಟಲ್ಪಟ್ಟಾಗ ಒಂದೊಂದು ನಿಮಿಷವೂ ಜಗಳದ ವಿಷಯವಾಯಿತು. ಕೆಲವು ನಿಮಿಷ ತಡವಾದರೆ ಗೇಟು ಮುಚ್ಚುತ್ತಿತ್ತು, ಅರ್ಧ ದಿನದ ಕೂಲಿ ಹೋಗುತ್ತಿತ್ತು. ಮಾತಾಡಿದರೆ ದಂಡ, ಕಿಟಕಿ ತೆರೆದರೆ ದಂಡ, ಶಿಳ್ಳೆ ಹಾಕಿದರೂ ದಂಡ. 19ನೇ ಶತಮಾನದ ಮೊದಲ ದಶಕಗಳ ಕಾರ್ಮಿಕರ ನೆನಪುಗಳಲ್ಲಿ ಒಂದು ದೂರು ಮತ್ತೆ ಮತ್ತೆ ಬರುತ್ತದೆ: ಮಾಲೀಕರು ಗಡಿಯಾರವನ್ನು ಬೆಳಿಗ್ಗೆ ಮುಂದಕ್ಕೂ ಸಂಜೆ ಹಿಂದಕ್ಕೂ ತಿರುಗಿಸುತ್ತಿದ್ದರು, ಇದು ಗೊತ್ತಾಗದಿರಲೆಂದು ಕೆಲವೆಡೆ ಕೆಲಸಗಾರರು ಜೇಬುಗಡಿಯಾರ ತರುವಂತಿರಲಿಲ್ಲ. ಹೊತ್ತನ್ನು ಅಳೆಯುವ ಸಾಧನವೇ ಕೊಳ್ಳುವವನ ವಶದಲ್ಲಿದ್ದ ವ್ಯಾಪಾರ ಅದು.

ಮುಂದಿನ ಪೀಳಿಗೆಗೆ ಈ ಶಿಸ್ತು ಮೈಗಂಟಿತು. ಅವರು ಗಡಿಯಾರವನ್ನು ವಿರೋಧಿಸಲಿಲ್ಲ, ಗಡಿಯಾರ ಹಿಡಿದೇ ವಾದಿಸಿದರು: ಹತ್ತೇ ಗಂಟೆ ದುಡಿಸಿ, ಹೆಚ್ಚಾದರೆ ಹೆಚ್ಚು ಕೊಡಿ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವನ್ ದಿನವನ್ನು ದುಡಿಮೆಗೆ ಎಂಟು, ಬಿಡುವಿಗೆ ಎಂಟು, ನಿದ್ದೆಗೆ ಎಂಟು ಗಂಟೆಗಳೆಂದು ಹಂಚುವ ಮಾತನ್ನು ಮುಂದಿಟ್ಟ. ದಿನವನ್ನು ಹೀಗೆ ಹೋಳು ಮಾಡಬಹುದೆಂಬ ಯೋಚನೆ ಅವನ ಅಜ್ಜನ ಕಾಲದ ನೇಕಾರನಿಗೆ ಅರ್ಥವಾಗುತ್ತಿತ್ತೇ ಎಂಬುದು ನನ್ನ ಅನುಮಾನ.

ಮನೆಯಲ್ಲಿ ಗಡಿಯಾರವಿಲ್ಲದವರನ್ನು ಎಬ್ಬಿಸಲು ಗಿರಣಿ ಪಟ್ಟಣಗಳಲ್ಲಿ ಒಂದು ಹೊಸ ಕಸುಬೇ ಹುಟ್ಟಿತು. ಮುಂಜಾನೆ ಉದ್ದನೆಯ ಕೋಲು ಹಿಡಿದು ಮಹಡಿಯ ಕಿಟಕಿ ಬಡಿಯುತ್ತ ಹೋಗುವವರು, ವಾರಕ್ಕಿಷ್ಟು ಪೆನ್ನಿ ಎಂದು ಪಡೆಯುವವರು. ಕೆಲವು ಊರುಗಳಲ್ಲಿ ಈ ಕಸುಬು 20ನೇ ಶತಮಾನದ ಮಧ್ಯದವರೆಗೂ ಉಳಿದಿತ್ತು.

ಆಮೇಲೆ ರೈಲು ಬಂತು. ಅಲ್ಲಿಯವರೆಗೆ ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ನಡುಹಗಲು. ಬ್ರಿಸ್ಟಲ್‌ನ ಹೊತ್ತು ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದಿತ್ತು. ಹೀಗಿದ್ದರೆ ವೇಳಾಪಟ್ಟಿ ಬರೆಯುವುದು ಹೇಗೆ? 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ಎಲ್ಲ ನಿಲ್ದಾಣಗಳಿಗೂ ಲಂಡನ್ ವೇಳೆಯನ್ನು ತಂದಿತು, ಉಳಿದ ಕಂಪನಿಗಳೂ ಹಿಂಬಾಲಿಸಿದವು. ಬ್ರಿಸ್ಟಲ್‌ನ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಎರಡು ನಿಮಿಷದ ಮುಳ್ಳುಗಳಿವೆ: ಒಂದು ಊರಿನ ಹೊತ್ತಿಗೆ, ಇನ್ನೊಂದು ರೈಲಿನ ಹೊತ್ತಿಗೆ. ಇಡೀ ಬ್ರಿಟನ್ನಿಗೆ ಗ್ರೀನಿಚ್ ವೇಳೆ ಕಾನೂನಿನ ಮಾತಾದದ್ದು 1880ರಲ್ಲಿ.

ಕೈಚಳಕದ ಬೆಲೆ ಇಳಿದಾಗ

1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ವಿವರಿಸಿದ ಗುಂಡುಪಿನ್ನಿನ ಕಾರ್ಖಾನೆ ಪ್ರಸಿದ್ಧ. ತಂತಿ ಎಳೆಯುವವನೊಬ್ಬ, ನೆಟ್ಟಗೆ ಮಾಡುವವನೊಬ್ಬ, ಕತ್ತರಿಸುವವನೊಬ್ಬ, ಮೊನೆ ತೀಡುವವನೊಬ್ಬ. ಒಟ್ಟು ಸುಮಾರು 18 ಹಂತ. ಹೀಗೆ ಹಂಚಿಕೊಂಡ 10 ಜನ ದಿನಕ್ಕೆ 48,000 ಪಿನ್ನು ಮಾಡುತ್ತಿದ್ದರು. ಒಬ್ಬನೇ ಎಲ್ಲವನ್ನೂ ಮಾಡಹೊರಟಿದ್ದರೆ 20 ಆಗುವುದೂ ಕಷ್ಟ. ಈ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಬದುಕಿಡೀ ಎರಡು ಮೂರು ಸರಳ ಕ್ರಿಯೆಗಳನ್ನಷ್ಟೇ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದು ಅದೇ ಸ್ಮಿತ್ ಎಚ್ಚರಿಸಿದ್ದನ್ನು ಮಾತ್ರ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಕೆಲಸವನ್ನು ಹೋಳು ಮಾಡಿದಾಗ ಉತ್ಪಾದನೆ ಏರುವುದರ ಜೊತೆಗೆ ಇನ್ನೊಂದೂ ಆಗುತ್ತದೆ: ಒಂದೊಂದು ಹೋಳನ್ನು ಯಾರು ಬೇಕಾದರೂ ಕೆಲವೇ ದಿನಗಳಲ್ಲಿ ಕಲಿಯಬಹುದು. ಏಳು ವರ್ಷ ಗುರುವಿನ ಕೈಕೆಳಗೆ ಪಳಗಿದ ಕಸುಬುದಾರನ ಜಾಗಕ್ಕೆ ಹನ್ನೆರಡರ ಹುಡುಗಿ ಬಂದು ನಿಲ್ಲಬಹುದು. ಕೈಮಗ್ಗದ ನೇಕಾರರ ಬದುಕು ಕುಸಿದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೊದಲು ನೂಲುವಿಕೆಗೆ ಯಂತ್ರ ಬಂದಾಗ ಅವರಿಗೆ ಸುಗ್ಗಿ. ಅಗ್ಗದ ನೂಲು ರಾಶಿರಾಶಿಯಾಗಿ ಬಂತು, ನೇಯುವ ಕೈ ಸಾಲದಾಯಿತು, ಕೂಲಿ ಏರಿತು, ಹೊಸಬರು ನುಗ್ಗಿದರು. 1820ರ ಹೊತ್ತಿಗೆ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹತ್ತಿ ಕೈಮಗ್ಗಗಳಿದ್ದವು. ಆಮೇಲೆ ಯಂತ್ರಮಗ್ಗ ಪಕ್ವವಾಯಿತು. ಮುಂದಿನ ಮೂರು ದಶಕಗಳಲ್ಲಿ ಆ ಕಸುಬು ಬಹುಪಾಲು ಅಳಿಯಿತು. ಹೆಚ್ಚಿನವರು ಒಮ್ಮೆಲೇ ಬಿಟ್ಟು ಹೋಗಲಿಲ್ಲ. ಇಳಿಯುತ್ತಲೇ ಇದ್ದ ಕೂಲಿಗೆ ಇನ್ನೂ ಹೆಚ್ಚು ಹೊತ್ತು ನೇಯುತ್ತ ಸವೆದರು. ಮಕ್ಕಳನ್ನು ಗಿರಣಿಗೆ ಕಳಿಸಿದರೂ ತಾವು ಗೇಟು ದಾಟಲು ಅವರ ಮನಸ್ಸು ಒಪ್ಪಲಿಲ್ಲ.

ಲ್ಯಾಂಕಾಷೈರ್‌ನ ಅಗ್ಗದ ಬಟ್ಟೆ ಸಮುದ್ರ ದಾಟಿ ಬಂಗಾಳ ಮುಟ್ಟಿದಾಗ ಅಲ್ಲಿನ ರಾಟೆ, ಮಗ್ಗಗಳಿಗೂ ಇದೇ ಗತಿ ಬಂತು. ವ್ಯತ್ಯಾಸವೆಂದರೆ ಅಲ್ಲಿ ಕಸುಬು ಕಳೆದುಕೊಂಡವರಿಗೆ ಸೇರಿಕೊಳ್ಳಲು ಗಿರಣಿಯೂ ಇರಲಿಲ್ಲ. ಹೆಚ್ಚಿನವರಿಗೆ ಉಳಿದದ್ದು ಹೊಲಗೂಲಿ.

ಯಂತ್ರ ಒಡೆದ ಕೆಲಸಗಾರರೆಂದು ಹೆಸರಾದ ಲಡ್ಡೈಟರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸ ತಂತ್ರಜ್ಞಾನ ಕಂಡರೆ ಹೆದರುವವರಿಗೆಲ್ಲ ಇಂದು ಆ ಹೆಸರು ಅಂಟಿಸುತ್ತಾರೆ. ಆದರೆ 1811ರಲ್ಲಿ ನಾಟಿಂಗ್‌ಹ್ಯಾಮ್‌ಷೈರ್‌ನಲ್ಲಿ ಅವರು ಒಡೆಯಲು ಶುರುಮಾಡಿದ ಕಾಲುಚೀಲ ಹೆಣೆಯುವ ಚೌಕಟ್ಟು ಹೊಸ ಯಂತ್ರವೇ ಅಲ್ಲ. ವಿಲಿಯಂ ಲೀ ಅದನ್ನು 1589ರಲ್ಲೇ ಕಂಡುಹಿಡಿದಿದ್ದ, ಒಡೆದವರೇ ತಲೆಮಾರುಗಳಿಂದ ಅದರಲ್ಲಿ ದುಡಿದವರು. ಸಿಟ್ಟಿದ್ದದ್ದು ಅದನ್ನು ಬಳಸಿ ಕಳಪೆ ಸರಕು ಹೊರಡಿಸಿ, ರೂಢಿಯ ಕೂಲಿ ಮುರಿಯುತ್ತಿದ್ದ ಮಾಲೀಕರ ಮೇಲೆ. ಎಷ್ಟೋ ಕಡೆ ಅಂಥವರ ಚೌಕಟ್ಟನ್ನಷ್ಟೇ ಹುಡುಕಿ ಒಡೆದು, ಪಕ್ಕದವರದನ್ನು ಮುಟ್ಟದೆ ಬಿಟ್ಟರು. ಸಂಘ ಕಟ್ಟುವುದು 1799 ಮತ್ತು 1800ರ ಕಾಯಿದೆಗಳಿಂದ ಅಪರಾಧವಾಗಿತ್ತು; ಮಾತುಕತೆಗೆ ದಾರಿಯಿಲ್ಲದಲ್ಲಿ ಸುತ್ತಿಗೆಯೇ ಮಾತಾಯಿತು. 1812ರಲ್ಲಿ ಸಂಸತ್ತು ಚೌಕಟ್ಟು ಒಡೆಯುವುದಕ್ಕೆ ಮರಣದಂಡನೆ ವಿಧಿಸಿತು. ಕವಿ ಬೈರನ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಮಾಡಿದ ಮೊದಲ ಭಾಷಣ ಈ ಮಸೂದೆಯ ವಿರುದ್ಧವಾಗಿತ್ತು. 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಗಿರಣಿ ದಾಳಿ, ಕೊಲೆ ಮೊದಲಾದ ಆರೋಪಗಳ ಮೇಲೆ 17 ಜನರನ್ನು ಗಲ್ಲಿಗೇರಿಸಲಾಯಿತು.

ಹೆಂಗಸರು, ಮಕ್ಕಳು ಮತ್ತು ಮನೆ

ಯಂತ್ರದ ಮೊದಲ ಏಟು ಬಿದ್ದದ್ದು ಹೆಂಗಸರ ದುಡಿಮೆಗೆ. ಊರೂರಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ತರುತ್ತಿದ್ದ ನೂಲುವಿಕೆ ಒಂದೆರಡು ತಲೆಮಾರಿನಲ್ಲಿ ಮಾಯವಾಯಿತು. ಗಿರಣಿ ಅವರಿಗೆ ಬೇರೆ ಕೆಲಸ ಕೊಟ್ಟಿತು, ಎಲ್ಲರಿಗೂ ಅಲ್ಲ. ಅವಿವಾಹಿತ ಹುಡುಗಿಗೆ ಬಾಗಿಲು ತೆರೆದಿತ್ತು, ಎಳೆಗೂಸಿನ ತಾಯಿಗೆ ಹನ್ನೆರಡು ಗಂಟೆಯ ಪಾಳಿ ಆಗದ ಮಾತು. ಮನೆಯಲ್ಲಿ ರಾಟೆ ತಿರುಗಿಸುತ್ತ ತೊಟ್ಟಿಲು ತೂಗಬಹುದಿತ್ತು, ಗಿರಣಿಯಲ್ಲಿ ಎರಡರಲ್ಲೊಂದು.

ಹೀಗೆ ದುಡಿಮೆ ಒಂದು ಕಡೆ, ಮನೆ ಇನ್ನೊಂದು ಕಡೆ ಆದಾಗ ಹೊರಗೆ ಗಳಿಸುವ ಗಂಡ, ಒಳಗೆ ನೋಡಿಕೊಳ್ಳುವ ಹೆಂಡತಿ ಎಂಬ ಜೋಡಿ ಆದರ್ಶವಾಯಿತು. ಹೆಂಡತಿ ಕೂಲಿಗೆ ಹೋಗುವುದಿಲ್ಲ ಎನ್ನುವುದೇ ಮರ್ಯಾದೆಯ ಗುರುತು. ಸಂಸಾರ ಸಾಕುವಷ್ಟು ಕೂಲಿ ಗಂಡಸಿಗೇ ಕೊಡಿ ಎಂದು ಕಾರ್ಮಿಕ ಸಂಘಗಳೂ ಕೇಳಿದವು, ಅದೇ ಉಸಿರಿನಲ್ಲಿ ಹೆಂಗಸರ ಕೂಲಿ ಕಡಿಮೆಯಿರುವುದನ್ನೂ ಒಪ್ಪಿಕೊಂಡವು. ವಾಸ್ತವ ಮಾತ್ರ ಈ ಆದರ್ಶಕ್ಕೆ ಹೊಂದುತ್ತಿರಲಿಲ್ಲ. ಬಡವರ ಮನೆಯ ಹೆಂಗಸು ಬಟ್ಟೆ ಒಗೆದಳು, ಹೊಲಿದಳು, ಬಾಡಿಗೆಯವರಿಗೆ ಅಡುಗೆ ಮಾಡಿ ಹಾಕಿದಳು. 1851ರ ಬ್ರಿಟಿಷ್ ಜನಗಣತಿಯಲ್ಲಿ ಕೂಲಿಗೆ ದುಡಿಯುವ ಹೆಂಗಸರ ಅತಿ ದೊಡ್ಡ ಕಸುಬು ಗಿರಣಿಯದಲ್ಲ, ಪರರ ಮನೆಯ ಚಾಕರಿ. ಗಿರಣಿ ಕಟ್ಟಿದ ಸಿರಿವಂತರ ಮನೆಗಳಿಗೆ ಕಸ ಗುಡಿಸುವವರು ಬೇಕಾಗಿತ್ತಲ್ಲ.

ಇದರ ಇನ್ನೊಂದು ಮುಖವೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಪಟ್ಟಣದ ಗಿರಣಿಗಳಿಗೆ ರೈತರ ಮನೆಯ ಹುಡುಗಿಯರು ಬಂದರು, ಕಂಪನಿಯ ವಸತಿಗೃಹಗಳಲ್ಲಿ ಒಟ್ಟಿಗೆ ಇದ್ದರು, ಮೊದಲ ಬಾರಿಗೆ ತಮ್ಮದೇ ಹೆಸರಿನ ಸಂಬಳ ಎಣಿಸಿದರು. 1834ರಲ್ಲಿ ಕೂಲಿ ಇಳಿಸಿದಾಗ, 1836ರಲ್ಲಿ ವಸತಿಯ ಖರ್ಚು ಏರಿಸಿದಾಗ ಕೆಲಸ ಬಿಟ್ಟು ಬೀದಿಗಿಳಿದರು. ಅಪ್ಪನ ಹೊಲದಲ್ಲಿ ಮುಷ್ಕರ ಹೂಡಲು ಸಾಧ್ಯವಿರಲಿಲ್ಲ. ಗಿರಣಿಯ ಗೇಟು ಒಂದು ಬಂಧನದಿಂದ ಬಿಡಿಸಿ ಇನ್ನೊಂದಕ್ಕೆ ಕಟ್ಟಿತು, ನಡುವೆ ಒಂದಿಷ್ಟು ಉಸಿರಾಡಲು ಜಾಗವನ್ನೂ ಕೊಟ್ಟಿತು.

ಮಕ್ಕಳ ವಿಷಯಕ್ಕೆ ಬಂದರೆ, ಹಳೆಯ ದುಡಿಮೆ ಕಣ್ಣಿಗೆ ರಾಚುವಂತಾದದ್ದು ಅದು ಒಂದೇ ಸೂರಿನಡಿ ಗುಂಪಾಗಿ ನಿಂತಾಗ. ತಿರುಗುವ ಯಂತ್ರದಡಿ ತೂರಿ ಉದುರಿದ ಹತ್ತಿ ಗುಡಿಸಲು, ಕಡಿದ ಎಳೆ ಬೆಸೆಯಲು ಪುಟ್ಟ ಕೈಗಳು ಬೇಕಿದ್ದವು. ಕಲ್ಲಿದ್ದಲ ಗಣಿಗಳಲ್ಲಿ ಐದಾರು ವರ್ಷದ ಮಕ್ಕಳು ಕತ್ತಲಲ್ಲಿ ಕೂತು ಗಾಳಿಯ ಬಾಗಿಲು ತೆರೆದು ಮುಚ್ಚುತ್ತಿದ್ದರು. 1833ರ ಕಾರ್ಖಾನೆ ಕಾಯಿದೆ ಜವಳಿ ಗಿರಣಿಗಳಲ್ಲಿ 9 ವರ್ಷದೊಳಗಿನವರನ್ನು ದುಡಿಸುವುದನ್ನು ನಿಷೇಧಿಸಿತು. ರೇಷ್ಮೆ ಗಿರಣಿಗಳಿಗೆ ಮಾತ್ರ ವಿನಾಯಿತಿ. 9ರಿಂದ 13ರವರಿಗೆ ವಾರಕ್ಕೆ 48 ಗಂಟೆಯ ಮಿತಿ, ದಿನಕ್ಕೆ ಎರಡು ಗಂಟೆ ಪಾಠ. ಇಷ್ಟಕ್ಕೂ ಇಡೀ ದೇಶಕ್ಕೆ ನೇಮಿಸಿದ ತನಿಖಾಧಿಕಾರಿಗಳು ನಾಲ್ವರು. ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ, ಹಾಗಾಗಿ ಆರಂಭದಲ್ಲಿ ವೈದ್ಯರು ಮಗುವಿನ ಎತ್ತರ, ಹಲ್ಲು ನೋಡಿ ವಯಸ್ಸು ಬರೆದುಕೊಡುತ್ತಿದ್ದರು. ಕಾಯಿದೆಗೆ ತಂದೆತಾಯಿಯರೂ ಹಲವೆಡೆ ಗೊಣಗಿದರು; ಮಗುವಿನ ಕೂಲಿ ನಿಂತರೆ ಒಲೆ ಉರಿಯುತ್ತಿರಲಿಲ್ಲ.

ಆದರೂ ಕಾಯಿದೆಗಳು ಒಂದೊಂದಾಗಿ ಬಂದವು. 1842ರಲ್ಲಿ ಗಣಿಯೊಳಗೆ ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಇಳಿಸುವುದು ನಿಂತಿತು, 1847ರಲ್ಲಿ ಹೆಂಗಸರಿಗೂ ಹದಿಹರೆಯದವರಿಗೂ ಹತ್ತು ಗಂಟೆಯ ದಿನ ಬಂತು, 1880ರಲ್ಲಿ ಶಾಲೆ ಕಡ್ಡಾಯವಾಯಿತು. ಗಳಿಸುತ್ತಿದ್ದ ಮಗು ಖರ್ಚಿನ ಬಾಬತ್ತಾಯಿತು. ಕುಟುಂಬಗಳು ಚಿಕ್ಕವಾದದ್ದಕ್ಕೆ ಇದೂ ಒಂದು ಕಾರಣ: 1860ರ ದಶಕದಲ್ಲಿ ಮದುವೆಯಾದ ಬ್ರಿಟಿಷ್ ಹೆಣ್ಣಿಗೆ ಸರಾಸರಿ ಆರರಷ್ಟು ಮಕ್ಕಳಾಗುತ್ತಿದ್ದರೆ, 1920ರ ದಶಕದಲ್ಲಿ ಮದುವೆಯಾದವಳಿಗೆ ಎರಡರ ಆಸುಪಾಸು.

ಊರು ಬಿಟ್ಟವರ ಊರು

1801ರಲ್ಲಿ ಮ್ಯಾಂಚೆಸ್ಟರ್‌ನ ಜನಸಂಖ್ಯೆ ಸುಮಾರು 75 ಸಾವಿರ, 1851ರಲ್ಲಿ ಸುಮಾರು 3 ಲಕ್ಷ. ಆ ವರ್ಷದ ಜನಗಣತಿಯಲ್ಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪಟ್ಟಣವಾಸಿಗಳ ಸಂಖ್ಯೆ ಮೊದಲ ಬಾರಿಗೆ ಹಳ್ಳಿಯವರನ್ನು ಮೀರಿತು. ಚರಂಡಿ, ನೀರು, ಕಕ್ಕಸಿನ ಯೋಚನೆ ಮಾಡುವ ಮೊದಲೇ ಜನ ಬಂದು ತುಂಬಿದ್ದರು.

ದುಡಿಯುವ ಜನರ ನೈರ್ಮಲ್ಯದ ಸ್ಥಿತಿ ಕುರಿತು 1842ರಲ್ಲಿ ಎಡ್ವಿನ್ ಚಾಡ್ವಿಕ್ ಪ್ರಕಟಿಸಿದ ವರದಿಯ ಒಂದು ಲೆಕ್ಕ ಬೆಚ್ಚಿಬೀಳಿಸುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಕೂಲಿಕಾರರ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 17, ಹಳ್ಳಿಗಾಡಾದ ರಟ್ಲೆಂಡ್‌ನ ಕೂಲಿಕಾರರಲ್ಲಿ 38. ಎಲ್ಲರೂ 17ಕ್ಕೇ ಸಾಯುತ್ತಿದ್ದರು ಎಂದು ಇದರರ್ಥವಲ್ಲ. ತೊಟ್ಟಿಲ ಕೂಸುಗಳು ಅಷ್ಟೊಂದು ಸಾಯುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗಿಳಿದಿತ್ತು. ಇನ್ನೂ ಹೇಳುವಂಥದ್ದು: ಮ್ಯಾಂಚೆಸ್ಟರ್‌ನ ಸ್ಥಿತಿವಂತರ ಸರಾಸರಿಯೂ 38. ಅಂದರೆ ಈ ಪಟ್ಟಣದ ಉಳ್ಳವರು ಆ ಹಳ್ಳಿಯ ಬಡವರಷ್ಟೇ ಬದುಕುತ್ತಿದ್ದರು. ಕಾಲರಾ ಬಡವರ ಗಲ್ಲಿಯಲ್ಲೇ ನಿಲ್ಲುವುದಿಲ್ಲ ಎಂದು ಮನವರಿಕೆಯಾದ ಮೇಲೆಯೇ 1848ರ ಸಾರ್ವಜನಿಕ ಆರೋಗ್ಯ ಕಾಯಿದೆ ಬಂತು.

ವರ್ಗಗಳು ಬೇರೆ ಬೇರೆ ಬೀದಿಗಳಿಗೆ ಸರಿದವು. 1840ರ ದಶಕದಲ್ಲಿ ಮ್ಯಾಂಚೆಸ್ಟರ್‌ನಲ್ಲಿದ್ದ ಜರ್ಮನ್ ಚಿಂತಕ ಫ್ರೆಡ್ರಿಕ್ ಎಂಗೆಲ್ಸ್ ಒಂದು ಸೂಕ್ಷ್ಮ ಗಮನಿಸಿದ: ಊರ ಹೊರಗಿನ ಬಂಗಲೆಯಿಂದ ನಡುಪೇಟೆಗೆ ಬರುವ ಧನಿಕನ ದಾರಿಯುದ್ದಕ್ಕೂ ಅಂಗಡಿ ಸಾಲು, ಅದರ ಹಿಂದಿನ ಕೊಳೆಗೇರಿ ಅವನ ಕಣ್ಣಿಗೇ ಬೀಳುವುದಿಲ್ಲ.

ಕಾರ್ಖಾನೆ ಬಂದು ಕುಟುಂಬ, ಬಂಧುತ್ವ ಎಲ್ಲ ಒಡೆದುಹೋಯಿತು ಎನ್ನುವುದು ಅರ್ಧಸತ್ಯ. ಹೊಸಬನಿಗೆ ಕೆಲಸ ಕೊಡಿಸುವವನು, ಮಲಗಲು ಜಾಗ ಕೊಡುವವನು ಮೊದಲೇ ಬಂದ ಚಿಕ್ಕಪ್ಪನೋ ಊರಿನವನೋ ಆಗಿರುತ್ತಿದ್ದ. ಅಜ್ಜಿ ಮಗು ನೋಡಿಕೊಂಡರೆ ಸೊಸೆ ಗಿರಣಿಗೆ ಹೋಗಬಹುದಿತ್ತು. ಸಾಲದೆಡೆ ಹೊಸ ಕಟ್ಟುಗಳು ಹುಟ್ಟಿದವು: ಕಾಯಿಲೆಗೆ, ಶವಸಂಸ್ಕಾರಕ್ಕೆ ವಾರವಾರ ಪೆನ್ನಿ ಕೂಡಿಡುವ ಸಂಘಗಳು, 1824ರಲ್ಲಿ ನಿಷೇಧ ತೆರವಾದ ಮೇಲೆ ಕಾರ್ಮಿಕ ಸಂಘಗಳು. 1844ರಲ್ಲಿ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತಿತರ ಕುಶಲಕರ್ಮಿಗಳು ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಮಾರುವ ಸಹಕಾರಿ ಅಂಗಡಿ ತೆರೆದರು. ಸರಿಯಾದ ತೂಕ, ಕಲಬೆರಕೆಯಿಲ್ಲದ ಸರಕು, ಕೊಂಡಷ್ಟಕ್ಕೆ ಲಾಭದಲ್ಲಿ ಪಾಲು. ಜಗತ್ತಿನ ಸಹಕಾರ ಚಳವಳಿ ಆ ಅಂಗಡಿಯನ್ನು ತನ್ನ ಮೂಲವೆಂದು ನೆನೆಯುತ್ತದೆ.

ಹಳ್ಳಿಯಲ್ಲಿ ಮಳೆ ಕೈಕೊಟ್ಟರೆ ಹಸಿವು. ಪಟ್ಟಣದಲ್ಲಿ ಹಸಿವಿನ ಕಾರಣ ಸಾವಿರಾರು ಮೈಲಿ ಆಚೆ ಇರಬಹುದಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿಯ ಹಡಗುಗಳು ನಿಂತಾಗ ಲ್ಯಾಂಕಾಷೈರ್‌ನ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವು. ದುಡಿಯಲು ಮೈಯಲ್ಲಿ ಶಕ್ತಿಯಿದೆ, ಮನಸ್ಸಿದೆ, ಆದರೆ ಹೊತ್ತನ್ನು ಕೊಳ್ಳುವವರಿಲ್ಲ. ಸೋಮಾರಿತನವೇ ಬಡತನಕ್ಕೆ ಮೂಲ ಎಂದು ನಂಬಿ ಬಡವರಿಗೆ ಸಿಗುವ ನೆರವನ್ನು ಬಿಗಿಗೊಳಿಸುವ 1834ರ ಕಾನೂನು ರೂಪಿಸಿದ್ದವರಿಗೆ ಇದನ್ನು ವಿವರಿಸುವುದು ಕಷ್ಟವಾಯಿತು.

ಬಿಡುವೂ ಗಂಟೆಯ ಲೆಕ್ಕಕ್ಕೆ

ದುಡಿಮೆಗೆ ಗಡಿ ಬಿದ್ದ ಮೇಲೆ ಅದರಾಚೆಯದು ‘ಬಿಡುವು’ ಎಂಬ ಬೇರೆಯೇ ವಸ್ತುವಾಯಿತು. ಸಂತ ಸೋಮವಾರವನ್ನು ಮಾಲೀಕರು ಪಟ್ಟುಹಿಡಿದು ಸಾಯಿಸಿದರು. ಅದರ ಜಾಗಕ್ಕೆ ಬಂದದ್ದು ಶನಿವಾರದ ಅರ್ಧ ದಿನ. 1850ರ ಕಾಯಿದೆ ಗಿರಣಿಗಳಲ್ಲಿ ಹೆಂಗಸರು, ಹದಿಹರೆಯದವರ ಕೆಲಸ ಶನಿವಾರ ಮಧ್ಯಾಹ್ನ 2ಕ್ಕೆ ನಿಲ್ಲಬೇಕೆಂದಿತು. ಅವರಿಲ್ಲದೆ ಯಂತ್ರ ನಡೆಯದ್ದರಿಂದ ಗಂಡಸರಿಗೂ ಅದೇ ಹೊತ್ತಿಗೆ ಬಿಡುಗಡೆ. ಒಂದೇ ಹೊತ್ತಿಗೆ ಸಾವಿರಾರು ಗಂಡಸರು ಬೀದಿಗೆ ಬಂದರೆ ಏನು ಮಾಡುತ್ತಾರೆ? ಇಂಗ್ಲಿಷ್ ಫುಟ್‌ಬಾಲ್ ಪಂದ್ಯಗಳು ಶನಿವಾರ ಮಧ್ಯಾಹ್ನಕ್ಕೆ ಅಂಟಿಕೊಂಡದ್ದು, 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ 12 ತಂಡಗಳೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನ ಕೈಗಾರಿಕಾ ಊರುಗಳವಾಗಿದ್ದದ್ದು ಕಾಕತಾಳೀಯವಲ್ಲ. ಲ್ಯಾಂಕಾಷೈರ್‌ನ ಒಂದೊಂದು ಪಟ್ಟಣವೂ ಬೇಸಿಗೆಯಲ್ಲಿ ಸರದಿಯ ಮೇಲೆ ಗಿರಣಿ ಮುಚ್ಚಿ, ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್‌ನ ಕಡಲತೀರಕ್ಕೆ ಹೋಗುತ್ತಿತ್ತು. ಬಿಡುವನ್ನೂ ಗಿರಣಿಯಂತೆಯೇ ಗುಂಪಾಗಿ, ಗಂಟೆ ನೋಡಿ ಅನುಭವಿಸಿದರು.

ವಾರದ ರಜೆ ಎಲ್ಲೆಡೆ ತಾನಾಗಿ ಬರಲಿಲ್ಲ. ಬಾಂಬೆಯಲ್ಲಿ 1850ರ ದಶಕದಲ್ಲಿ ಹತ್ತಿ ಗಿರಣಿಗಳು ಹುಟ್ಟಿದಾಗ ಅಲ್ಲಿನ ಕಾರ್ಮಿಕರಿಗೆ ಗೊತ್ತಾದ ವಾರದ ರಜೆಯೆಂಬುದು ಇರಲಿಲ್ಲ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಸಭೆ ಸೇರಿಸಿ ಭಾನುವಾರದ ರಜೆ ಕೇಳಿದರು. ಗಿರಣಿ ಮಾಲೀಕರು ಒಪ್ಪಿದ್ದು 1890ರಲ್ಲಿ.

ಇಷ್ಟೆಲ್ಲದರ ಕೊನೆಗೆ ಜನರ ಬದುಕು ಸುಧಾರಿಸಿತೇ? ಆರ್ಥಿಕ ಇತಿಹಾಸಕಾರರು ಬಹುಕಾಲದಿಂದ ಕಚ್ಚಾಡುತ್ತಿರುವ ಪ್ರಶ್ನೆ ಇದು. ಸ್ಥೂಲವಾಗಿ ಹೇಳುವುದಾದರೆ, 19ನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟನ್ನಿನ ಉತ್ಪಾದನೆ ಏರಿದ ವೇಗದಲ್ಲಿ ಕೂಲಿ ಏರಲಿಲ್ಲ. ಎದ್ದುಕಾಣುವ ಸುಧಾರಣೆ 1840ರ ನಂತರದ್ದು. ಮೊಮ್ಮಕ್ಕಳಿಗೆ ಅಗ್ಗದ ಬಟ್ಟೆ, ಸೋಪು, ಶಾಲೆ, ಮತದಾನ ಸಿಕ್ಕಿದ್ದು ನಿಜ. ಅಜ್ಜ ಅಜ್ಜಿಯರ ತಲೆಮಾರಿಗೆ ಅದರ ಬೆಲೆಯಷ್ಟೇ ಸಿಕ್ಕಿತು. ಎರಡನ್ನೂ ಕೂಡಿ ಸರಾಸರಿ ತೆಗೆಯುವ ಲೆಕ್ಕ ನನಗೆ ರುಚಿಸುವುದಿಲ್ಲ.

1913ರಲ್ಲಿ ಹೆನ್ರಿ ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕೆಲಸವೇ ಚಲಿಸುವ ಪಟ್ಟಿಯ ಮೇಲೆ ಕೆಲಸಗಾರನ ಬಳಿ ಬಂತು. ಒಂದು ಕಾರಿನ ಜೋಡಣೆಗೆ ಹಿಡಿಯುತ್ತಿದ್ದ ಹನ್ನೆರಡೂವರೆ ಗಂಟೆ ಕೆಲವೇ ತಿಂಗಳಲ್ಲಿ 93 ನಿಮಿಷಕ್ಕಿಳಿಯಿತು. ಆದರೆ ಒಂದೇ ಬೋಲ್ಟು ತಿರುಗಿಸುವ ಬೇಸರಕ್ಕೆ ಜನ ನಿಲ್ಲಲಿಲ್ಲ, ಬಂದವರು ಬಂದ ಹಾಗೇ ಹೋದರು. 1914ರ ಜನವರಿಯಲ್ಲಿ ಫೋರ್ಡ್ ಪಾಳಿಯನ್ನು ಎಂಟು ಗಂಟೆಗಿಳಿಸಿ ದಿನಕ್ಕೆ 5 ಡಾಲರ್ ಘೋಷಿಸಿದ. ಪೂರ್ತಿ 5 ಡಾಲರ್ ಪಡೆಯಲು ಮಾತ್ರ ಕಂಪನಿಯ ತನಿಖೆಗಾರರು ಮನೆಗೆ ಬಂದು ಕುಡಿತವಿದೆಯೇ, ಉಳಿತಾಯವಿದೆಯೇ, ಸಂಸಾರ ಸರಿಯಿದೆಯೇ ಎಂದು ನೋಡಿ ಒಪ್ಪಬೇಕಿತ್ತು. ದುಡಿಮೆಯನ್ನು ಮನೆಯಿಂದ ಬಿಡಿಸಿಕೊಂಡು ಹೋದ ಕಾರ್ಖಾನೆ ಈಗ ಮನೆಯ ಬಾಗಿಲನ್ನೇ ತಟ್ಟಿತು.

ಎಂಟು ಗಂಟೆಯ ದಿನ, 48 ಗಂಟೆಯ ವಾರ 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವಾಯಿತು. ಅದರಲ್ಲೇ ಬ್ರಿಟಿಷ್ ಇಂಡಿಯಾಕ್ಕೆ 60 ಗಂಟೆಯ ವಾರವೆಂಬ ಪ್ರತ್ಯೇಕ ಕಲಮು. ಆ ಒಪ್ಪಂದ ಅನ್ವಯಿಸಿದ್ದು ಕಾರ್ಖಾನೆ, ಗಣಿಯಂಥ ಕೈಗಾರಿಕೆಗಳಿಗೆ. ಪರರ ಮನೆಯಲ್ಲಿ ಕೂಲಿಗೆ ದುಡಿಯುವವರ ಹೊತ್ತು, ವಾರದ ವಿಶ್ರಾಂತಿಯ ಬಗ್ಗೆ ಅದೇ ಸಂಸ್ಥೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡದ್ದು 2011ರಲ್ಲಿ, ಅದರ ಸಂಖ್ಯೆ 189. ತಮ್ಮದೇ ಮನೆಯಲ್ಲಿ ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಳ್ಳುವವರು ಅದರ ವ್ಯಾಪ್ತಿಗೂ ಬರುವುದಿಲ್ಲ.